ಕೂಡ್ಲಿಗಿಯಿಂದ ಕೊಟ್ಟೂರಿಗೆ ಮೂವತ್ತು ಲೆಕ್ಕ

ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ನಾನು ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುತ್ತೇನೆಂದು ಹರಪನಹಳ್ಳಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಮರ್ಸ್ ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಅಕ್ಕರೆಯಿಂದಲೇ, "ನಿಮ್ಮಂಥೋರಿಗೆ ಹೆಂಗೂ ಕೋಟಾ ಐತಲ್ಲಮ್ಮ, ಅಷ್ಟ್ಯಾಕ ತಲಿ ಕೆಡಿಸ್ಕೊಂತಿ?" ಅಂದರು.

ಮೀಸಲಾತಿ ನನ್ನ ಹಕ್ಕು. ಅರ್ಜಿಯಲ್ಲಿ ಜಾತಿಯ ಕಾಲಂ ಅನ್ನು ಆಗಲೂ ಮುಚ್ಚಿಡದೆ ತುಂಬಿದೆ, ಈಗಲೂ ತುಂಬುತ್ತೇನೆ. ಆದರೆ ಹಕ್ಕಿದ್ದವರು ಓದಬೇಕಾಗಿಲ್ಲ ಎಂದು ಇವರಿಗೆ ಹೇಳಿದವರು ಯಾರು? ಕೇಳಬೇಕೆಂದು ಬಾಯಿತನಕ ಬಂತು. ಆದರೆ ಹಾಜರಿ ಪುಸ್ತಕ ಅವರ ಕೈಯಲ್ಲಿತ್ತು, ನುಂಗಿಕೊಂಡೆ. ಆ ವರ್ಷ ನಾನು ಓದಿದ್ದರಲ್ಲಿ ಅರ್ಧ ಆ ಸಿಟ್ಟಿನ ಮೇಲೆಯೇ ಓದಿದ್ದು.

ನಮ್ಮ ತರಗತಿಯ ನಾಲ್ಕು ಹುಡುಗರು ಸೇರಿ ಮುಂಬಯಿಯಿಂದ ಅಂಚೆಯಲ್ಲಿ ಪಾಠ ತರಿಸುತ್ತಿದ್ದರು. ಐದನೆಯವಳಾಗಿ ನನ್ನನ್ನೂ ಕರೆದರು. ಮೊದಲ ಕಟ್ಟು ಬಂದಾಗ ಬಿಡಿಸಿ ನೋಡಿದೆ. ಮೊದಲ ಹತ್ತು ಹಾಳೆಗಳಲ್ಲಿ ಟೈ ಕಟ್ಟಿಕೊಂಡು ನಗುವವರ ಫೋಟೋಗಳು, ಆಮೇಲೆ ಧೈರ್ಯ ಹೇಳುವ ಉಪದೇಶ, ಅದಾದ ಮೇಲೆ ಸೈಕ್ಲೋಸ್ಟೈಲ್ ಮಾಡಿದ ಮಸುಕು ಲೆಕ್ಕಗಳು. ಮೂರಕ್ಕೆ ಎರಡು ಲೆಕ್ಕ ನನ್ನ ತಮ್ಮನ ಹೈಸ್ಕೂಲ್ ಗಣಿತ ಪುಸ್ತಕದಲ್ಲೇ ಇದ್ದವು. ಬೇಡ ಅಂದೆ. ಕೈಗೆಟುಕದ ದ್ರಾಕ್ಷಿ ಹುಳಿ ಅಂತಾಳೆ ಎಂದು ಹುಡುಗರು ಆಡಿಕೊಂಡರು. ಸ್ವಲ್ಪ ಹುಳಿ ಇದ್ದದ್ದೂ ನಿಜ. ಆದರೆ ದ್ರಾಕ್ಷಿ ಅಷ್ಟೇನೂ ಸಿಹಿ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ನಾನು ತಮ್ಮನ ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತವನ್ನೇ ಹಿಡಿದೆ. ಪ್ರತಿಶತ, ಅನುಪಾತ, ಕಾಲ ಮತ್ತು ಕೆಲಸ, ತೊಟ್ಟಿ ತುಂಬುವ ನಲ್ಲಿ, ಸೋರುವ ನಲ್ಲಿ, ಎಲ್ಲ ಮೊದಲಿನಿಂದ. ಇಂಗ್ಲಿಷಿಗೆ ನಮ್ಮೂರು ಕೂಡ್ಲಿಗಿಯ ವಾಚನಾಲಯ. ಅಲ್ಲಿಗೆ ಇಂಗ್ಲಿಷ್ ಪೇಪರು ಒಂದು ದಿನ ತಡವಾಗಿ ಬರುತ್ತಿತ್ತು, ಓದುವವರು ಯಾರೂ ಇರಲಿಲ್ಲ. ಹೆಣ್ಣುಮಕ್ಕಳು ಅಲ್ಲಿ ಬೆಂಚಿನ ಮೇಲೆ ಕೂಡುವ ರೂಢಿಯೂ ಇರಲಿಲ್ಲ. ನಾನು ಹೋಗಿ ಕೂತೆ. ಮೊದಲ ವಾರ ಎಲ್ಲರೂ ಪೇಪರಿನ ಮೇಲಿಂದ ನನ್ನನ್ನು ನೋಡಿದರು, ಎರಡನೇ ವಾರ ತಮ್ಮ ಪೇಪರು ನೋಡಿಕೊಂಡರು. ಸಂಪಾದಕೀಯ ಓದಿ, ಪೇಪರು ಮಡಚಿಟ್ಟು, ಅದರಲ್ಲಿ ಏನಿತ್ತೆಂದು ಐದು ಸಾಲು ಕನ್ನಡದಲ್ಲಿ ಬರೆಯುತ್ತಿದ್ದೆ. ಬರೆಯಲಾಗದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ, ಮತ್ತೆ ಮೊದಲಿನಿಂದ.

ಹಳೆಯ ಪ್ರಶ್ನೆಗಳದು ಒಂದೇ ಪುಸ್ತಕ ಸಿಕ್ಕಿತು. ಹಡಗಲಿಯಲ್ಲಿ ಅಪ್ಪನಿಗೆ ಗುರುತಿದ್ದ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರ ಮಗ ಹಿಂದೆ ಈ ಪರೀಕ್ಷೆ ಬರೆದಿದ್ದ. ಅವನ ಪುಸ್ತಕವನ್ನು ಅಪ್ಪ ಬಸ್ಸಿನಲ್ಲಿ ಮಲ್ಲಿಗೆ ಬುಟ್ಟಿಗಳ ಪಕ್ಕ ಇಟ್ಟು ತಂದ. ಹೂವಿಗೆ ಚಿಮುಕಿಸಿದ ನೀರು ಇಳಿದು ಅಂಚೆಲ್ಲ ಒದ್ದೆಯಾಗಿತ್ತು. ಆ ಹುಡುಗ ಉತ್ತರಗಳಿಗೆಲ್ಲ ಪೆನ್ಸಿಲ್ಲಿನಿಂದ ಗುರುತು ಹಾಕಿಬಿಟ್ಟಿದ್ದ. ಒಂದು ಭಾನುವಾರ ಪೂರ್ತಿ ಕೂತು ರಬ್ಬರಿನಿಂದ ಅಳಿಸಿದೆ. ಬೇರೆಯವರ ಉತ್ತರ ನನಗೆ ಬೇಕಾಗಿರಲಿಲ್ಲ.

ಅಪ್ಪ ಕೆಂಪು ಬಸ್ಸಿನ ಕಂಡಕ್ಟರ್. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲ ಮನೆ ನಮ್ಮದು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಮೊಳೆಗೆ ಅಪ್ಪನ ಟಿಕೆಟ್ ಚೀಲ. ಓದು ಅಂದರೆ ಅಪ್ಪನಿಗೆ ಪ್ರಾಣ. ಅವ್ವನದು ಬೇರೆ ಯೋಚನೆ. ಹಗರಿಬೊಮ್ಮನಹಳ್ಳಿಯಲ್ಲಿದ್ದ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ತನ್ನ ಮಗನಿಗೆ ನನ್ನನ್ನು ತಂದುಕೊಳ್ಳುವುದಾಗಿ ನಾನು ತೊಟ್ಟಿಲಲ್ಲಿದ್ದಾಗಲೇ ಹೇಳಿದ್ದ. ಹುಡುಗ ಕೆಟ್ಟವನಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ. ನನಗೆ ಬೇಡವಾಗಿತ್ತು, ಅಷ್ಟೆ. ಜಗಳವಾಗಿ ಆಗಿ ಕೊನೆಗೆ ಅಪ್ಪ ಒಂದು ಒಪ್ಪಂದಕ್ಕೆ ತಂದ: ಒಂದೇ ಸಲ ಪರೀಕ್ಷೆ ಬರೆಯುವುದು. ಪಾಸಾದರೆ ಓದು, ಇಲ್ಲದಿದ್ದರೆ ಮದುವೆ. ನಾನು ಮಾತು ಕೊಟ್ಟೆ. ಗೆದ್ದೇ ಗೆಲ್ಲುತ್ತೇನೆಂಬ ಸೊಕ್ಕಿನಲ್ಲಿ ಕೊಟ್ಟೆ.

ಆ ಪರೀಕ್ಷೆಯಲ್ಲಿ ಲೆಕ್ಕ ಬರುವುದು ಮುಖ್ಯವಲ್ಲ, ಹೊತ್ತಿನೊಳಗೆ ಬರುವುದು ಮುಖ್ಯ. ನಮ್ಮ ಮನೆಯಲ್ಲಿ ಇದ್ದ ಗಡಿಯಾರ ಒಂದೇ, ಅಪ್ಪನ ಕೈಯದು. ಅದು ಅಪ್ಪನ ಜೊತೆ ಡ್ಯೂಟಿಗೆ ಹೋಗುತ್ತಿತ್ತು. ಹಾಗಾಗಿ ನಾನು ಬಸ್ಸನ್ನೇ ಗಡಿಯಾರ ಮಾಡಿಕೊಂಡೆ. ನಾನು ಕಾಲೇಜಿಗೆ ಹೋಗುತ್ತಿದ್ದುದೂ ಅಪ್ಪನ ಬಸ್ಸಿನಲ್ಲೇ, ವಿದ್ಯಾರ್ಥಿ ಪಾಸಿನ ಮೇಲೆ. ಕೂಡ್ಲಿಗಿಯಿಂದ ಕೊಟ್ಟೂರಿಗೆ ವೇಳಾಪಟ್ಟಿಯ ಪ್ರಕಾರ ನಲವತ್ತು ನಿಮಿಷ. ಆ ನಲವತ್ತು ನಿಮಿಷಕ್ಕೆ ಮೂವತ್ತು ಲೆಕ್ಕ. ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ತಪ್ಪಿದವನ್ನು ತಿದ್ದುವುದು. ಬಸ್ಸಿನ ಕುಲುಕಾಟಕ್ಕೆ ಬರೆಯಲು ಆಗುತ್ತಿರಲಿಲ್ಲ, ಆದಷ್ಟೂ ಬಾಯಲ್ಲೇ ಲೆಕ್ಕ ಮಾಡಿ ಉತ್ತರಕ್ಕೆ ಗುರುತು ಹಾಕುತ್ತಿದ್ದೆ. ಡ್ರೈವರ್ ಸೀಟಿನ ಹಿಂದೆ, ಕಿಟಕಿಯ ಪಕ್ಕ ನನ್ನ ಜಾಗ. ಡ್ರೈವರ್ ಅಪ್ಪನಿಗಿಂತ ಹಿರಿಯರು, ನನ್ನನ್ನು ಎತ್ತಿ ಆಡಿಸಿದವರು. ನಾನು ಚಾಚಾ ಎನ್ನುತ್ತಿದ್ದೆ.

ಮೊದಲ ದಿನ ಕೊಟ್ಟೂರು ಬರುವಷ್ಟರಲ್ಲಿ ಹದಿನಾರು ಲೆಕ್ಕ ಮುಗಿದಿದ್ದವು. ಒಂದು ತಿಂಗಳಿಗೆ ಇಪ್ಪತ್ತೆರಡು. ದೀಪಾವಳಿಯ ಹೊತ್ತಿಗೆ ಮೂವತ್ತಕ್ಕೆ ಮೂವತ್ತು. ಮೂವತ್ತನೆಯದಕ್ಕೆ ಗುರುತು ಹಾಕಿ ತಲೆ ಎತ್ತಿದರೆ ಸರಿಯಾಗಿ ಕೊಟ್ಟೂರಿನ ಮೊದಲ ಮನೆಗಳು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಂಚೆ ಪಾಠದ ಹುಡುಗರು ಇಪ್ಪತ್ತು ದಾಟಿರಲಿಲ್ಲ. ಅವರ ಎದುರು ಬೇಕೆಂದೇ ಜೋರಾಗಿ ಹೇಳಿಕೊಂಡೆ. ಕಾಲೇಜಿನಲ್ಲಿ ಎಷ್ಟೋ ದಿನ ಮೊದಲ ಪೀರಿಯಡ್ಡಿನ ಹಾಜರಿ ತಪ್ಪುತ್ತಿತ್ತು, ಅದಕ್ಕೆ ರಸ್ತೆಯನ್ನು ಬೈದುಕೊಂಡೆ. ಕೊಟ್ಟೂರಿಗೆ ಸ್ವಲ್ಪ ಹಿಂದೆ ಅಪ್ಪ ವಿಶಲ್ ಊದಿ ಬಸ್ಸು ನಿಲ್ಲಿಸುವುದೂ ಇತ್ತು. ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸ್ಟೇಜು, ಅಂದರೆ ಟಿಕೆಟ್ ದರ ಬದಲಾಗುವ ಜಾಗ, ದಾಟುವ ಮೊದಲು ಎಲ್ಲರ ಟಿಕೆಟ್ ಹರಿದು ಮುಗಿಸಬೇಕು, ಜನ ಹೆಚ್ಚಿದ್ದರೆ ಬಸ್ಸನ್ನು ರಸ್ತೆ ಪಕ್ಕ ನಿಲ್ಲಿಸಿಯಾದರೂ ಮುಗಿಸಬೇಕು. ಅದು ಕಂಡಕ್ಟರುಗಳ ಪದ್ಧತಿ.

ಪರೀಕ್ಷೆಗೆ ಐದು ವಾರ ಇದ್ದಾಗ ಒಂದು ದಿನ ಚಾಚಾ ರಜೆ ಹಾಕಿದರು. ಬದಲಿಗೆ ಬೇರೆ ಡ್ರೈವರ್ ಬಂದ. ನಾನು ಹತ್ತೊಂಬತ್ತನೇ ಲೆಕ್ಕದಲ್ಲಿದ್ದೆ, ಬಸ್ಸು ನಿಂತಿತು. ತಲೆ ಎತ್ತಿದರೆ ಕೊಟ್ಟೂರು ಬಸ್‌ಸ್ಟ್ಯಾಂಡ್. ಈ ಮನುಷ್ಯ ಹುಚ್ಚನ ಹಾಗೆ ಓಡಿಸಿದ್ದಾನೆ ಎಂದುಕೊಂಡೆ. ಆಗ ಬಸ್ಸುಗಳ ಹೊತ್ತು ಬರೆದುಕೊಳ್ಳುವ ಕಂಟ್ರೋಲರ್ ಕಿಟಕಿಯ ಕೆಳಗೆ ನಿಂತು, "ಬಾಳ ದಿನದ ಮ್ಯಾಲೆ ಈ ಗಾಡಿ ಟೈಮಿಗೆ ಬಂತು ನೋಡ್ರಿ" ಎಂದು ಹೊಸ ಡ್ರೈವರನಿಗೆ ಹೇಳಿದ. ಅಪ್ಪ ನನ್ನ ಕಡೆ ನೋಡಲಿಲ್ಲ.

ಮರುದಿನ ಚಾಚಾ ಬಂದರು. ನಾನು ಪುಸ್ತಕ ತೆಗೆಯದೆ ಸುಮ್ಮನೆ ಕೂತೆ. ಬಸ್ಸು ಚೆನ್ನಾಗಿಯೇ ಓಡಿತು. ಅರ್ಧ ದಾರಿಯಲ್ಲಿ ಪುಸ್ತಕ ಬಿಚ್ಚಿ ತಲೆ ಬಗ್ಗಿಸಿದೆ, ಕಣ್ಣು ಮಾತ್ರ ಮೇಲೆ. ಎದುರಿನ ಕನ್ನಡಿಯಲ್ಲಿ ಚಾಚಾ ನನ್ನನ್ನು ನೋಡಿದರು. ಇಂಜಿನ್ನಿನ ಸದ್ದು ಇಳಿಯಿತು. ಹಿಂದಿನಿಂದ ಒಂದು ಸೈಕಲ್ಲು ನಮ್ಮನ್ನು ದಾಟಿ ಹೋಯಿತು. ಕೊಟ್ಟೂರಿಗೆ ಸ್ವಲ್ಪ ಹಿಂದೆ ಅಪ್ಪನ ವಿಶಲ್. ಬಸ್ಸಿನಲ್ಲಿ ಇದ್ದವರು ಹನ್ನೊಂದು ಜನ, ಎಲ್ಲರ ಕೈಯಲ್ಲೂ ಟಿಕೆಟ್ ಇತ್ತು.

ಹರಪನಹಳ್ಳಿಯಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಹೋಗಿ ಎದುರು ನಿಂತೆ. ಎಷ್ಟು ದಿನದಿಂದ ಇದು ನಡೆದಿದೆ ಎಂದು ಕೇಳಿದೆ. ಅಪ್ಪ ಚೀಲದ ಪಟ್ಟಿ ಸರಿಮಾಡಿಕೊಳ್ಳತೊಡಗಿದ. ಚಾಚಾ ಮಾತ್ರ ಮುಚ್ಚಿಡಲಿಲ್ಲ.

"ಕನ್ನಡ್ಯಾಗ ನಿನ್ನ ತಲಿ ಕಾಣ್ತಿತ್ತವ್ವ. ಇನ್ನಾ ಬಗ್ಗಿಸ್ಕೊಂಡಿದ್ರ ಒಂದು ಗೇರ್ ಇಳಿಸ್ತಿದ್ದೆ. ಕೂಸು ಓದಿ ಮುಗಿಸ್ಲಿ ಅಂತ."

"ಪರೀಕ್ಷಾದಾಗ ಯಾರು ಗೇರ್ ಇಳಿಸ್ತಾರ್ರಿ, ಚಾಚಾ?"

ಮೊದಲ ದಿನ ಹದಿನಾರು ಲೆಕ್ಕಕ್ಕೇ ನಿಂತಾಗ ನಾನು ಅಳುವ ಹಾಗಿದ್ದೆನಂತೆ, ಅದನ್ನು ನೋಡಲಾಗದೆ ಶುರುಮಾಡಿದ್ದಂತೆ. ಅಪ್ಪ ಇಷ್ಟೇ ಹೇಳಿದ್ದು. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಮೇಷ್ಟರು ಕನ್ನಡಕ ಒರೆಸಿಕೊಂಡು ಹೇಳಿದ್ದಕ್ಕೂ ಇವರು ಮಾಡಿದ್ದಕ್ಕೂ ಏನು ವ್ಯತ್ಯಾಸ? ಅವರಿಗೆ ನಾನು ಯಾರೋ, ಇವರಿಗೆ ನಾನು ಕರುಳು. ಆದರೆ ಹೊತ್ತಿನೊಳಗೆ ಇವಳ ಕೈಲಿ ಆಗುವುದಿಲ್ಲ ಎಂದು ತೀರ್ಮಾನ ಮಾಡಿದ್ದು ಅವರೂ ಹೌದು, ಇವರೂ ಹೌದು. ಪ್ರೀತಿಯಿಂದ ಮಾಡಿದರೂ ಅದು ಅದೇ ತೀರ್ಮಾನ. ಇದನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿದೆ. ಚಹಾ ಅಂಗಡಿಯವನು ಒಲೆಯ ಉರಿ ಸಣ್ಣ ಮಾಡಿಕೊಂಡು ಕೇಳಿಸಿಕೊಂಡ.

ಮರುದಿನದಿಂದ ನಾನು ಬಸ್ಸಿನ ಕಟ್ಟಕಡೆಯ ಸೀಟಿಗೆ ಹೋದೆ. ಅಲ್ಲಿ ಗುಂಡಿ ಬಂದರೆ ತಲೆ ಚಾವಣಿಗೆ ತಾಗುತ್ತಿತ್ತು, ಆದರೆ ಕನ್ನಡಿಗೆ ಕಾಣುತ್ತಿರಲಿಲ್ಲ. ಇನ್ನೊಂದು ಸಲ ಗೇರ್ ಇಳಿಸಿದರೆ ಬೇರೆ ಬಸ್ಸಿಗೆ ಹೋಗುತ್ತೇನೆಂದು ಚಾಚಾನಿಗೆ ಹೇಳಿದ್ದೆ. ಮೂವತ್ತಕ್ಕೆ ಮೂವತ್ತು ಇದ್ದದ್ದು ಹದಿನೆಂಟಕ್ಕೆ ಬಿತ್ತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅಷ್ಟು ದಿನ ಮೆರೆದದ್ದು ಮೂಗುತಿ, ಮೂಗು ಇಷ್ಟೇ ಎಂದು ಆಗ ಗೊತ್ತಾಯಿತು. ನನ್ನ ರೋಗವೂ ಗೊತ್ತಾಯಿತು. ಬಾರದ ಲೆಕ್ಕವನ್ನು ಬಿಟ್ಟು ಮುಂದೆ ಹೋಗಲು ನನ್ನ ಹಟ ಬಿಡುತ್ತಿರಲಿಲ್ಲ. ಒಂದಕ್ಕೆ ಜೋತುಬಿದ್ದು ಮೂರು ಕಳೆದುಕೊಳ್ಳುತ್ತಿದ್ದೆ. ಬಸ್ಸು ನನಗಾಗಿ ಕಾಯುತ್ತಿದ್ದಾಗ ಆ ಹಟಕ್ಕೆ ದಂಡವೇ ಬೀಳುತ್ತಿರಲಿಲ್ಲ. ಈಗ ಕಣ್ಣಾಡಿಸಿ ಸುಲಭದವನ್ನು ಮೊದಲು ಮುಗಿಸುವುದು, ಬಾರದ್ದಕ್ಕೆ ಸೊನ್ನೆ ಸುತ್ತಿ ಬಿಡುವುದು ಕಲಿಯತೊಡಗಿದೆ. ಇಪ್ಪತ್ತು, ಇಪ್ಪತ್ತೊಂದು. ಕೊನೆಯ ವಾರ ಇಪ್ಪತ್ಮೂರು.

ಅಷ್ಟರಲ್ಲಿ ಪರೀಕ್ಷೆ ಬಂದೇಬಿಟ್ಟಿತು. ಬೆಂಗಳೂರಿಗೆ ಅಪ್ಪ ಜೊತೆಗೆ ಬಂದ. ಬಿಡಬೇಕಾದವನ್ನು ಬಿಟ್ಟೆ, ಆದರೆ ಎರಡು ಕಡೆ ಹಳೆಯ ಹಟ ಹಿಡಿದು ಕೂತುಬಿಟ್ಟೆ. ಗಂಟೆ ಹೊಡೆದಾಗ ಕೊನೆಯ ಪುಟ ಹಾಗೇ ಉಳಿದಿತ್ತು. ಯುಗಾದಿಯ ಆಸುಪಾಸಿನಲ್ಲಿ ಕಾಗದ ಬಂತು. ಸಂದರ್ಶನಕ್ಕೆ ಕರೆಯಲಾಗುತ್ತಿಲ್ಲ ಎಂದು ಮೂರೇ ಸಾಲು.

ಕಾಗದ ಬಂದ ವಾರದಲ್ಲೇ ಮಾವ ಹಗರಿಬೊಮ್ಮನಹಳ್ಳಿಯಿಂದ ಎಲೆ ಅಡಿಕೆ ಹಿಡಿದುಕೊಂಡು ಬಂದ. ಅವ್ವ ಚಾಪೆ ಹಾಸಿದಳು. ಮಾವ ನಗುತ್ತಲೇ, ಕೊಟ್ಟ ಮಾತು ನೆನಪಿದೆಯೇ ಎಂದು ನನ್ನನ್ನು ಕೇಳಿದ. ನೆನಪಿದೆ ಅಂದೆ. ಹಾಗಾದರೆ ಆಯಿತಲ್ಲ ಅಂದ. ನಾನು ಒಳಗೆ ಹೋಗಲಿಲ್ಲ, ನಡುಮನೆಯಲ್ಲೇ ನಿಂತೆ.

"ಒಂದು ಸಲ ಬರಿತೀನಂತ ಮಾತು ಕೊಟ್ಟಿದ್ದೆ, ಖರೆ. ಆದ್ರ ಆ ಒಂದು ಸಲಾನೂ ನಂಗ ಪೂರ್ತಿ ಸಿಕ್ಕಿಲ್ಲ. ತಪ್ಪು ಗಡಿಯಾರ ಇಟ್ಕೊಂಡು ಓದೀನಿ, ಅದನ್ನ ತಪ್ಪಿಸಿದ್ದು ನಾನಲ್ಲ. ಸರಿ ಟೈಮಿಗೆ ಓದಿದ್ದು ಐದೇ ವಾರ. ನಂಗ ನನ್ನ ವರ್ಷ ವಾಪಸ್ ಬೇಕು."

ಮಾವನಿಗೆ ಏನೂ ತಿಳಿಯಲಿಲ್ಲ. ಸೋತವರು ಹೇಳುವ ನೆಪ ಎಂದುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವ್ವನೂ ಗೊಣಗಿದಳು. ನಾನು ಅಪ್ಪನನ್ನೇ ನೋಡುತ್ತಿದ್ದೆ. ಅಪ್ಪ ಬಾಯಿ ಬಿಡದಿದ್ದರೆ ಅವತ್ತಿಗೆ ನನ್ನ ಕಥೆ ಮುಗಿಯುತ್ತಿತ್ತು. ತನ್ನ ಬಸ್ಸು ಒಂದು ದಿನವೂ ತಡವಾಗಿಲ್ಲ ಎಂದು ನೆಂಟರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ ಮನುಷ್ಯ ಅವನು. ಎಲೆಯ ತೊಟ್ಟು ಮುರಿದು ಪಕ್ಕಕ್ಕಿಟ್ಟ.

"ಅಕಿ ಹೇಳೋದು ಖರೆ ಐತ್ರಿ ಭಾವ," ಅಂದ. "ನೆಲ ಡೊಂಕು ಮಾಡಿದ್ದು ನಾನು. ದಿನಾ ಗಾಡಿ ನಿಲ್ಲಿಸೀನಿ. ಅಕಿ ವರ್ಷ ಅಕಿಗೆ ಕೊಡ್ಬೇಕು."

ಮಾವ ಊಟಕ್ಕೆ ನಿಲ್ಲಲಿಲ್ಲ. ಅವ್ವ ವಾರಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ತವರಿನ ದಾರಿ ಮುಳ್ಳು ಮಾಡಿದೆ ಎಂದು ಅವಳ ದುಃಖ, ಅದು ಸುಳ್ಳೂ ಅಲ್ಲ. ಮದುವೆಗೆ ನಾನು ಒಪ್ಪಲಿಲ್ಲವೆಂಬುದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅವ್ವನ ದುಃಖಕ್ಕೆ ಮಾತ್ರ ಇದೆ.

ಮುಂದಿನ ಸಲ ಬರೆದಾಗ ಸಂದರ್ಶನಕ್ಕೂ ಕರೆದರು, ಸೀಟೂ ಸಿಕ್ಕಿತು. ಆದರೆ ಆ ವರ್ಷದಲ್ಲಿ ನನಗೆ ಹೆಚ್ಚು ನೆನಪಿರುವುದು ಬೇರೆಯೇ. ಬಿ.ಕಾಂ. ಮುಗಿದಿದ್ದರಿಂದ ಪಾಸು ಇರಲಿಲ್ಲ, ಆದರೂ ಲೆಕ್ಕಕ್ಕೆಂದೇ ಕೊಟ್ಟೂರಿನವರೆಗೆ ಹೋಗಿಬರುತ್ತಿದ್ದೆ. ಅಪ್ಪ ದಿನವೂ ನನಗೊಂದು ಟಿಕೆಟ್ ಹರಿದು, ದುಡ್ಡನ್ನು ತನ್ನ ಜೇಬಿನಿಂದ ಚೀಲಕ್ಕೆ ಹಾಕುತ್ತಿದ್ದ. ನಾನು ಕೊನೆಯ ಸೀಟಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಇಪ್ಪತ್ತೊಂಬತ್ತು ಮುಗಿದು ಮೂವತ್ತನೆಯದರಲ್ಲಿದ್ದೆ, ಇನ್ನೊಂದು ನಿಮಿಷ ಸಾಕಾಗಿತ್ತು, ಬಸ್ಸು ನಿಂತಿತು. ಅಪ್ಪ ನನ್ನ ಪುಸ್ತಕವನ್ನೂ ನೋಡಿದ, ನನ್ನ ಮುಖವನ್ನೂ ನೋಡಿದ. ಆಮೇಲೆ ಬಾಗಿಲು ತೆಗೆದು, ಎಲ್ಲ ಪ್ರಯಾಣಿಕರಿಗೂ ಕೂಗುವ ಅದೇ ದನಿಯಲ್ಲಿ ಕೂಗಿದ:

"ಕೊಟ್ಟೂರು. ಇಳೀರಿ."