ಸಲಿವನ್ನರ ಮನೆಯ ಓ

ಹಿತ್ತಾಳೆ ಪಾಲಿಶ್‌ನ ವಾಸನೆ ಮೊದಲು ಮೂಗಿಗೆ ಚುರುಕ್ಕೆನ್ನುತ್ತದೆ, ಆಮೇಲೆ ಗಂಟಲಲ್ಲಿ ಬಹಳ ಹೊತ್ತು ಕೂತಿರುತ್ತದೆ. ಮೊನ್ನೆ ದೊಮ್ಮಲೂರಿನ ಒಂದು ಕಚೇರಿಯ ಮೆಟ್ಟಿಲ ಬಳಿ ಯಾರಿಗೋ ಕಾಯುತ್ತ ನಿಂತಿದ್ದೆ. ಹೆಂಗಸೊಬ್ಬರು ಬಾಗಿಲ ಪಕ್ಕದ ಹಿತ್ತಾಳೆ ಫಲಕವನ್ನು ಹಳೇ ಬನಿಯನ್ನಿನ ತುಂಡಿನಿಂದ ಉಜ್ಜುತ್ತಿದ್ದರು. ಆ ವಾಸನೆ ಬಂದದ್ದೇ ತಡ, ಫ್ಲೈಓವರಿನ ಗದ್ದಲವೆಲ್ಲ ಎಲ್ಲಿ ಹೋಯಿತೋ, ನಾನು ಹಲಸೂರಿನ ಆ ಓಣಿಯಲ್ಲಿದ್ದೆ. ಶನಿವಾರದ ಬೆಳಗು. ಟೆರಿ ಅಂಕಲ್ ಖಾಕಿ ಚಡ್ಡಿ ತೊಟ್ಟು, ಗೇಟಿನ ಮುಂದೆ ಮುಕ್ಕಾಲಿ ಹಾಕಿಕೊಂಡು, ತಮ್ಮ ಮನೆಯ ಹೆಸರಿನ ಫಲಕ ಉಜ್ಜುತ್ತಿದ್ದಾರೆ. ಫಲಕದ ಮೇಲಿದ್ದದ್ದು ಒಂದೇ ಪದ, ಸಲಿವನ್. ಉಜ್ಜಿ ಮುಗಿದ ಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಆ ಪದದ ಮುಂದೆ ಗೋಡೆಯ ಮೇಲೆ ದುಂಡಗೆ ಒಂದು ಓ ಬರೆಯುತ್ತಿದ್ದರು. ಸಂಜೆಯೊಳಗೆ ಅವರ ಅಕ್ಕ ಡೋರೀನ್ ಆಂಟಿ ಬಂದು ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ಹಾಕುತ್ತಿದ್ದರು. ನನ್ನ ಬಾಲ್ಯದ ಬಹಳಷ್ಟು ವರ್ಷ ಇದು ತಪ್ಪದೆ ನಡೆಯಿತು.

ನಾವು ಅವರ ಔಟ್‌ಹೌಸಿನಲ್ಲಿದ್ದೆವು. ಕೊಪ್ಪಳದ ಕಡೆಯಿಂದ ಬಂದ ನನ್ನ ಅಪ್ಪ ಕಂಟೋನ್ಮೆಂಟ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದರು. ಟೆರಿ ಅಂಕಲ್ ಇಂಜಿನ್ ಡ್ರೈವರಾಗಿ ರಿಟೈರಾದವರು. ಉಗಿಬಂಡಿ ಹೋಗಿ ಎಷ್ಟೋ ಕಾಲವಾದರೂ ಸ್ಟೇಷನ್ನಿಗೆ ಬಂದು ಅಲ್ಲಿಯ ಗಾಳಿ ಕುಡಿದು ಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಾಗೆ ಬಂದಾಗಲೇ ಅಪ್ಪನ ಪರಿಚಯವಾಯಿತು. ಯಾರನ್ನು ಕಂಡರೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಮನೆತನದ ಹೆಸರೇನು, ಅದರ ಅರ್ಥವೇನು ಎಂಬುದು. ಅಪ್ಪ ಹಿತ್ತಲಮನಿ ಎಂದರಂತೆ. ಬೆಂಗಳೂರಿನವರು ಈ ಹೆಸರು ಕೇಳಿ ನಗುತ್ತಿದ್ದರೆಂದು ಅಪ್ಪ ಅದನ್ನು ಒಂದು ಇನಿಷಿಯಲ್ಲಿಗೆ ಇಳಿಸಿಕೊಂಡಿದ್ದರು. ಹಿತ್ತಲಲ್ಲಿ ಮನೆ ಇದ್ದವರು ಎಂದು ಅರ್ಥ ಹೇಳಿದಾಗ ಅಂಕಲ್ ನಗಲಿಲ್ಲ. ನಮ್ಮ ಹಿತ್ತಲಲ್ಲೊಂದು ಮನೆ ಖಾಲಿ ಇದೆ, ಹೆಸರಿಗೆ ಸರಿಯಾದ ಅಡ್ರೆಸ್ಸು, ಬಂದುಬಿಡು ಎಂದರಂತೆ. ನಮಗೆ ಮನೆ ಸಿಕ್ಕಿದ್ದು ಹೀಗೆ, ಬ್ರೋಕರಿಲ್ಲದೆ, ಬರಿಯ ಹೆಸರಿನ ಬಲದಿಂದ.

ಮುಂದಿನ ಬಂಗಲೆಗೆ ಮರದ ಜಾಲರಿಯ ವರಾಂಡವಿತ್ತು. ಮಧ್ಯಾಹ್ನ ಅದರೊಳಗಿಂದ ಬಿಸಿಲು ಸೋಸಿ ಬಂದು ಕೆಂಪು ಗಾರೆಯ ನೆಲದ ಮೇಲೆ ಚಾಪೆಯ ಹಾಗೆ ಬೀಳುತ್ತಿತ್ತು. ಅಡುಗೆಮನೆಯಿಂದ ತೆಂಗಿನಹಾಲಿನ ಅರಿಶಿನದ ಅನ್ನದ ಪರಿಮಳ, ನಮ್ಮ ಕಡೆಯಿಂದ ಸುಟ್ಟ ಜೋಳದ ರೊಟ್ಟಿಯ ಪರಿಮಳ, ಎರಡೂ ಸೀಬೆಮರದ ಕೆಳಗೆ ಕೂಡುತ್ತಿದ್ದವು. ಡೋರೀನ್ ಆಂಟಿ ಎತ್ತರದ ಹೆಂಗಸು. ಹೂವಿನ ಫ್ರಾಕು, ಕಾಲಿಗೆ ರಬ್ಬರ್ ಚಪ್ಪಲಿ, ಬಾಯಲ್ಲಿ ಸದಾ ಬೈಗುಳ. ಬೈಯುತ್ತಲೇ ನಮಗೆ ಕೇಕು ಕೊಡುತ್ತಿದ್ದರು, ಬೈಯುತ್ತಲೇ ಅವ್ವನ ಶೇಂಗಾ ಚಟ್ನಿ ಇಸಿದುಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ. ಅಂಕಲ್ಲಿನ ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಉಳಿದ ಬಳಗವೆಲ್ಲ ಆಸ್ಟ್ರೇಲಿಯಾ ಸೇರಿತ್ತು. ಬೆಂಗಳೂರಿನಲ್ಲಿ ಆ ಹೆಸರಿನವರೆಂದು ಉಳಿದದ್ದು ಈ ಇಬ್ಬರೇ.

ಅಂಕಲ್ಲಿಗೆ ಐರಿಷ್ ಹೆಸರುಗಳ ಹುಚ್ಚು ಎಲ್ಲಿಂದ ಹಿಡಿಯಿತೋ ತಿಳಿಯದು. ಮರ್ಫಿ ಅಂದರೆ ಸಮುದ್ರದ ಯೋಧ ಎನ್ನುತ್ತಿದ್ದರು. ನಮ್ಮ ಪಕ್ಕದ ಮರ್ಫಿ ಟೌನಿಗೆ ಆ ಹೆಸರಿದ್ದೂ ಸಮುದ್ರದ ಬದಲು ಹಲಸೂರು ಕೆರೆ ಸಿಕ್ಕಿದೆ ಪಾಪ ಎಂದು ನಗುತ್ತಿದ್ದರು. ಡಾಯ್ಲ್ ಅಂದರೆ ಕಪ್ಪು ಪರದೇಶಿ, ಫ್ಲಿನ್ ಅಂದರೆ ಕೆಂಚ, ಕೆನಡಿ ಅಂದರೆ ಕುರೂಪ ತಲೆಯವ. ಒಬ್ಬ ಮೂಲಪುರುಷನ ಹೆಸರು ಹಿಡಿದು ಒಂದೇ ಸೀಮೆಯಲ್ಲಿ ಬಾಳಿದವರೆಲ್ಲ ಸೇರಿ ಒಂದು ಸೆಪ್ಟ್ ಎಂದು ಅವರು ವಿವರಿಸಿದರೆ, ಅಪ್ಪ ಹಾಗಾದರೆ ನಮ್ಮಲ್ಲಿಯ ಕುಲದ ಬೆಡಗು ಇದ್ದ ಹಾಗೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೆಸರಿನ ಮುಂದೆ ಮ್ಯಾಕ್ ಇದ್ದರೆ ಇಂಥವನ ಮಗ, ಓ ಇದ್ದರೆ ಇಂಥವನ ಮೊಮ್ಮಗ, ಅವನ ಕುಡಿ. ಇಂಗ್ಲಿಷರ ಆಳ್ವಿಕೆಯಲ್ಲಿ ಎಷ್ಟೋ ಜನ ಈ ಓ, ಮ್ಯಾಕ್‌ಗಳನ್ನು ಕಳಚಿಟ್ಟುಬಿಟ್ಟರಂತೆ. ಸಿಪಾಯಿಯಾಗಿ ಕಂಟೋನ್ಮೆಂಟಿಗೆ ಬಂದ ಅಂಕಲ್ಲಿನ ತಾತ ಹಡಗು ಹತ್ತುವ ಹೊತ್ತಿಗೇ ಬರೀ ಸಲಿವನ್ ಆಗಿದ್ದರು. ಹೆಂಗಸರಿಗೆ ಆ ಓ ಇಲ್ಲ, ಮದುವೆಯಾಗದ ಹೆಣ್ಣುಮಗಳ ಹೆಸರಿನ ಮುಂದೆ ನೀ ಎಂದು ಬರುತ್ತದೆ ಎಂದು ಅಂಕಲ್ ಒಮ್ಮೆ ಹೇಳಿದಾಗ ಅವ್ವ ಮೊರದಲ್ಲಿಯ ಅಕ್ಕಿಯಿಂದ ತಲೆ ಎತ್ತಿದಳು.

“ಗಂಡಸರಿಗೆ ಓ ಅಂತ ಮರ್ಯಾದಿ, ಹೆಂಗಸರಿಗೆ ನೀ ಅಂತ ಏಕವಚನ. ಅಲ್ಲೂ ಹಂಗ ಅದ ಏನ್ರೀ?” ಅಂದಳು.

ಡೋರೀನ್ ಆಂಟಿ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆದರೆ ಓ ವಿಷಯದಲ್ಲಿ ಮಾತ್ರ ಅವರಿಗೆ ನಗು ಬರುತ್ತಿರಲಿಲ್ಲ. ಅಂಕಲ್ಲಿಗಿದ್ದದ್ದು ಒಂದೇ ಆಸೆ. ತಾವು ಸತ್ತ ಮೇಲೆ ಸಮಾಧಿಯ ಕಲ್ಲಿನ ಮೇಲಾದರೂ ಪೂರ್ತಿ ಹೆಸರು, ಓ ಸಲಿವನ್ ಎಂದು ಕೆತ್ತಿಸಬೇಕು. ಹೇಳಿಕೊಳ್ಳಲು ಮಕ್ಕಳಿಲ್ಲ, ಮರಿಯಿಲ್ಲ. ಹೆಸರಾದರೂ ಕೊನೆಗೆ ನೆಟ್ಟಗೆ ನಿಲ್ಲಲಿ ಎಂದು. ಕೆತ್ತಿಸಬೇಕಾದವರು ಅಕ್ಕನೇ. ಆಗುವುದಿಲ್ಲ ಎಂದು ಅವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಯಾಕೆ ಎಂದರೆ ಬೈಗುಳವೇ ಬರುತ್ತಿತ್ತು. ಒಂದು ಅಕ್ಷರಕ್ಕೆ ಇಷ್ಟು ಹಟ ಏತಕ್ಕೆ ಎಂದು ಅವ್ವ ಮರುಗುತ್ತಿದ್ದಳು. ನಾನಂತೂ ಅಂಕಲ್ಲಿನ ಪಕ್ಷ.

ಆ ಹಟದ ಗುಟ್ಟು ಒಡೆದದ್ದು ಒಂದು ಶನಿವಾರ ಸಂಜೆ, ಸೀಬೆಮರದ ಕೆಳಗೆ. ಸಲಿವನ್ ಅಂದರೆ ಏನು ಎಂದು ನಾನೇ ಕೇಳಿದ್ದೆ. ಪಂಡಿತರು ಅದಕ್ಕೆ ಹೊಡೆದಾಡುತ್ತಾರೆ, ಒಕ್ಕಣ್ಣ ಅಂತಲೂ ಹೇಳುತ್ತಾರೆ, ಆದರೆ ನಿಜವಾದ ಅರ್ಥ ಕಪ್ಪು ಕಣ್ಣಿನವ ಎಂದು ಅಂಕಲ್ ಹೇಳಿ, ಕನ್ನಡಕ ತೆಗೆದು ನನ್ನ ಮುಖದ ಹತ್ತಿರ ಬಗ್ಗಿದರು. ನೋಡು, ಇದು ಅಲ್ಲಿಂದಲೇ ಬಂದ ಕಣ್ಣು, ಹೆಸರು ಸುಳ್ಳು ಹೇಳುವುದಿಲ್ಲ ಎಂದರು. ಕಣ್ಣು ನಿಜವಾಗಿಯೂ ಕಪ್ಪಾಗಿದ್ದವು, ನಮ್ಮ ಕಣ್ಣುಗಳ ಹಾಗೆಯೇ. ಒಣಗಿದ ಬಟ್ಟೆ ಮಡಚುತ್ತಿದ್ದ ಡೋರೀನ್ ಆಂಟಿ ನಿಂತುಬಿಟ್ಟರು. ಅಕ್ಕ ತಮ್ಮ ಜಗಳವಾಡುತ್ತಿದ್ದದ್ದು ಯಾವಾಗಲೂ ಇಂಗ್ಲಿಷಿನಲ್ಲಿ. ಅವತ್ತು ಆಂಟಿ ಕನ್ನಡದಲ್ಲಿ ಆಡಿದರು, ನಮಗೂ ಕೇಳಿಸಲಿ ಎಂಬಂತೆ.

“ಆ ಕಣ್ಣು ಶಿಪ್ಪಲ್ಲಿ ಬರ್ಲಿಲ್ಲ ಟೆರಿ. ಮುನಿಯಮ್ಮನ್ ಕಣ್ಣು ಅದು. ಓ ಅಂದ್ರೆ ಮೊಮ್ಮಗ ಅಂತ ನೀನೇ ಹೇಳ್ತೀಯ. ಯಾರ ಮೊಮ್ಮಗ ನೀನು? ಅವಳ ಹೆಸ್ರು ಯಾವತ್ತಾದ್ರೂ ಕೇಳಿದ್ಯಾ?”

ಅಂಕಲ್ಲಿಗೆ ಗೊತ್ತಿದ್ದದ್ದು ಅಜ್ಜಿಯ ಹೆಸರು ಮೇರಿ ಎಂದು ಮಾತ್ರ. ಅವರು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಹೋಗಿದ್ದರು. ಅಕ್ಕನಿಗೆ ಆಗ ಬುದ್ಧಿ ಬಲಿತಿತ್ತು. ಹಲಸೂರಿನ ಹುಡುಗಿ ಮುನಿಯಮ್ಮ ಬ್ಯಾರಕ್ಕುಗಳಿಗೆ ಹಾಲು ಹಾಕುತ್ತಿದ್ದಳು. ಸಿಪಾಯಿ ಸಲಿವನ್ ಅವಳನ್ನು ಮದುವೆಯಾದ. ಚರ್ಚಿನಲ್ಲಿ ಅವಳು ಮೇರಿಯಾದಳು. ಆ ಮನೆಗೆ ಬಿಳಿಚು ಬಣ್ಣದ ಸೊಸೆ ಬಂದ ಮೇಲೆ ಅತ್ತೆಯ ಬಣ್ಣ, ಸೀರೆ, ಮಾತು ಎಲ್ಲವೂ ನಾಚಿಕೆಯ ವಿಷಯವಾದವು. ಅಜ್ಜಿಯನ್ನು ಹಿತ್ತಲ ಮನೆಗೆ ಕಳಿಸಿದರು. ಅತಿಥಿಗಳು ಬಂದರೆ ಅವಳನ್ನು ಆಯಾ ಎಂದು ಕರೆಯಬೇಕೆಂದು ಮಕ್ಕಳಿಗೆ ಹೇಳಿಕೊಟ್ಟರು. ಡೋರೀನ್ ಕರೆದಳು. ಎಲ್ಲರೆದುರು ಆಯಾ ಎಂದು ಕರೆದು, ಕತ್ತಲಾದ ಮೇಲೆ ಕದ್ದು ಹೋಗಿ ಅವಳ ಸೆರಗಿನಲ್ಲಿ ಮಲಗುತ್ತಿದ್ದಳು. ಅಜ್ಜಿ ಒಮ್ಮೆಯೂ ಬೇಸರ ತೋರಲಿಲ್ಲವಂತೆ. ಸಾಯುವವರೆಗೂ ಅತಿಥಿಗಳ ಮುಂದೆ ಆಯಾ ಆಗಿಯೇ ಟೀ ತಂದಿಟ್ಟಳಂತೆ. ಇದನ್ನು ಹೇಳುವಾಗ ಆಂಟಿಯ ಕೈ ಒಂದೇ ದಿಂಬಿನ ಚೀಲವನ್ನು ಮತ್ತೆ ಮತ್ತೆ ಮಡಚುತ್ತಿತ್ತು. ನಮ್ಮ ತಾತನ ತಾತನಿಗೊಂದು ಓ ತರಲು ಸಮುದ್ರ ದಾಟುತ್ತೀಯ, ಹಿತ್ತಲಿಗೆ ಯಾರು ಹೋಗಬೇಕು ಎಂದು ಕೇಳಿ ಅವರು ಒಳಗೆ ನಡೆದರು. ಅಂಕಲ್ ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತು ಕೂತಿದ್ದರು. ಅಪ್ಪ ನನ್ನನ್ನು ಒಳಗೆ ಕರೆದುಕೊಂಡರು.

ನಮಗೆ ಒಳಗೆ ಹೋಗಲೂ ಒಂಥರಾ ಅನಿಸಿತು, ಯಾಕೆಂದರೆ ಆ ಹಿತ್ತಲ ಮನೆ ನಾವಿದ್ದ ಮನೆಯೇ. ಮರುದಿನ ಅಂಕಲ್ ಚರ್ಚಿನಿಂದ ಬಂದವರು, ಕೋಟು ಕೂಡ ತೆಗೆಯದೆ ನಮ್ಮ ಹೊಸ್ತಿಲ ಹೊರಗೆ ನಿಂತರು. ಎಷ್ಟೋ ವರ್ಷ ಆ ಮನೆಯ ಬಾಡಿಗೆ ತೆಗೆದುಕೊಂಡವರು, ಒಳಗೆ ಬರಬಹುದೇ ಎಂದು ಅವ್ವನನ್ನು ಕೇಳಿದರು. ಅವ್ವ ಚಾಪೆ ಹಾಸಿದಳು. ಅವರ ಹಿಂದೆಯೇ ಬಂದ ಡೋರೀನ್ ಆಂಟಿ ಕಿಟಕಿಯ ಕೆಳಗೆ ಅಜ್ಜಿ ಮಲಗುತ್ತಿದ್ದ ಜಾಗ ತೋರಿಸಿದರು. ನನ್ನ ಹಾಸಿಗೆ ಇರುತ್ತಿದ್ದದ್ದೂ ಅಲ್ಲೇ. ಅಂಕಲ್ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಅಲ್ಲಿ ಕುಳಿತರು. ಅವ್ವ ಕೊಟ್ಟ ಚಹಾ ಆರುವವರೆಗೂ ಕುಳಿತೇ ಇದ್ದರು.

ಆಮೇಲಿನ ಶನಿವಾರಗಳಲ್ಲಿ ಫಲಕ ಹೊಳೆಯಿತು, ಗೋಡೆಯ ಮೇಲೆ ಓ ಬರಲಿಲ್ಲ. ಅವರ ಸೋಲು ನನ್ನದೇ ಸೋಲು ಅನಿಸಿ ನನಗೆ ಆಂಟಿಯ ಮೇಲೆ ಕೋಪ ಬಂದಿತ್ತು. ನಾನು ಕಾಲೇಜು ಸೇರಿದ ವರ್ಷ ಅಂಕಲ್ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಅಪ್ಪನ ಕೈ ಹಿಡಿದು ಅವರು ಹೇಳಿದ್ದಿಷ್ಟು:

“ಡೋರೀನ್‌ಗೆ ಹೇಳು ಮ್ಯಾನ್. ಓ ಬೇಡ. ಮುನಿಯಮ್ಮನ್ ಹೆಸ್ರು ಹಾಕ್ಸಿದ್ರೆ ಸಾಕು.”

ಅಪ್ಪ ಹಾಗೆಯೇ ಹೇಳಿದರು. ಮಣ್ಣಾದ ಕೆಲವು ವಾರಗಳ ಮೇಲೆ ಆಂಟಿ ಅಪ್ಪನನ್ನು ಕರೆದು, ಚೆಂದದ ಕನ್ನಡ ಅಕ್ಷರದಲ್ಲಿ ಒಂದು ಸಾಲು ಬರೆದುಕೊಡಲು ಹೇಳಿದರು. ಕಲ್ಲು ನಿಲ್ಲಿಸಿದ ದಿನ ನಾವೂ ಹೋಗಿದ್ದೆವು. ಮೇಲೆ ಇಂಗ್ಲಿಷಿನಲ್ಲಿ ಟೆರೆನ್ಸ್ ಓ ಸಲಿವನ್. ಓ ಇತ್ತು. ಉಳಿದ ಅಕ್ಷರಗಳಿಗಿಂತ ಒಂದಿಷ್ಟು ದೊಡ್ಡದಾಗಿಯೇ ಇತ್ತು. ಅದರ ಕೆಳಗೆ ಕನ್ನಡದಲ್ಲಿ ಹಲಸೂರು ಮುನಿಯಮ್ಮನ ಮೊಮ್ಮಗ. ತಮ್ಮ ಬೇಡವೆಂದು ಬಿಟ್ಟದ್ದನ್ನು ಅಕ್ಕ ಕೊಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ಆ ಮನೆಗೆ ಬಂದುಹೋಗುತ್ತಿದ್ದ, ಚರ್ಚಿನ ಹಳೆಯ ಪರಿಚಯದ ಮುದುಕಿಯೊಬ್ಬರು ಅಕ್ಷರ ಕೂಡಿಸಿಕೊಂಡು ಓದಿ, ಮುನಿಯಮ್ಮ ಅಂದ್ರೆ ನಿಮ್ಮನೆ ಆಯಾ ಅಲ್ವಾ ಎಂದು ಕೇಳಿದರು. ಡೋರೀನ್ ಆಂಟಿಗೆ ಆಗ ಎಂಬತ್ತು ದಾಟಿತ್ತು. ಅವರು ಕೋಲಿನ ಮೇಲಿಂದ ಬೆನ್ನು ನೆಟ್ಟಗೆ ಮಾಡಿಕೊಂಡು, ಅಲ್ಲಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ ಹೇಳಿದರು.

“ಅಲ್ಲ. ಅಜ್ಜಿ. ನಮ್ಮ ಅಜ್ಜಿ.”

ಅವರೂ ಹೋಗಿ ಬಹಳ ಕಾಲವಾಯಿತು. ತಮ್ಮನ ಜೊತೆಗೇ ಮಲಗಿದ್ದಾರೆ; ಕಲ್ಲಿನ ಕೆಳಭಾಗದಲ್ಲಿ ಅವರ ಹೆಸರೂ ಅದರಡಿಗೆ ಮೊಮ್ಮಗಳು ಎಂಬ ಪದವೂ ಇವೆ, ಅವು ಅಪ್ಪ ಬರೆದುಕೊಟ್ಟ ಕೊನೆಯ ಕನ್ನಡ ಅಕ್ಷರಗಳು. ಬಂಗಲೆ, ಔಟ್‌ಹೌಸು, ಸೀಬೆಮರ ಒಂದೂ ಇಲ್ಲ. ಆ ಜಾಗದಲ್ಲಿರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಕಾರುಗಳು ಇಳಿಯುತ್ತವೆ. ಅಪ್ಪ ಅವ್ವ ಇಬ್ಬರೂ ಇಲ್ಲದ ಈಗ, ಆ ಮನೆ ಇತ್ತು ಎನ್ನಲು ನನ್ನ ಬಳಿ ನೆನಪಲ್ಲದೆ ಬೇರೇನೂ ಇಲ್ಲ. ನಿಮಗೂ ಇಂಥದೊಂದು ಮನೆ ಇದ್ದರೆ ಈ ಸಂಕಟ ಗೊತ್ತಿರುತ್ತದೆ. ದೊಮ್ಮಲೂರಿನಿಂದ ಹೊರಟವಳು ಅವತ್ತು ಮನೆಗೆ ಹೋಗದೆ ಸ್ಮಶಾನದ ಕಡೆಗೆ ಆಟೋ ತಿರುಗಿಸಿದೆ. ಗಿಡಗಳ ನಡುವೆ ದಾರಿ ಗುರುತು ಸಿಗದೆ ನಿಂತಾಗ, ಅಲ್ಲಿ ಹುಲ್ಲು ಕೀಳುತ್ತಿದ್ದವರು ಯಾವ ಸಮಾಧಿ ಎಂದು ಕೇಳಿದರು. ಸಲಿವನ್ ಎಂದೆ. ಅವರಿಗೆ ತಿಳಿಯಲಿಲ್ಲ. ಕನ್ನಡದಲ್ಲಿ ಬರೆದಿರುವ ಕಲ್ಲು ಎಂದ ತಕ್ಷಣ ಅವರ ಮುಖ ಅರಳಿತು. ಮುನಿಯಮ್ಮನ ಸಮಾಧಿಯಾ, ಬನ್ನಿ ಎಂದು ಮುಂದೆ ನಡೆದರು. ಕಲ್ಲಿನ ಮೇಲಿನ ಒಣ ಎಲೆ ಸರಿಸಿ, ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ, ಮೆಲ್ಲಗೆ ಕೇಳಿದರು.

“ಮುನಿಯಮ್ಮಂಗೆ ನೀವೇನಾಗ್ಬೇಕಮ್ಮ?”

“ಅವ್ರ ಮನೇಲಿ ಬೆಳೆದೋಳು,” ಅಂದೆ.