ಡ್ರಮ್ಮಿನ ನಲ್ಲಿಗೆ ಮೂಗಿಟ್ಟ ದೊಡ್ಡಬೀರಯ್ಯ

ಉಮ್ಮತ್ತೂರಿನ ದೊಡ್ಡಬೀರಯ್ಯನಿಗೆ ಎರಡು ತಿಂಗಳ ಸಂಬಳ, ಇಪ್ಪತ್ತಾರು ಸಾವಿರ ರೂಪಾಯಿ, ಇನ್ನೂ ಬರಬೇಕು. ನಿಕ್ಕಲ್ ಕೆಡಿಸಿದ್ದಕ್ಕೆ ಮುರಿದುಕೊಂಡಿದ್ದೇನೆ ಅನ್ನುತ್ತಾನೆ ಕಾರ್ಖಾನೆಯ ಧಣಿ.

ಚಾಮರಾಜನಗರದ ಹೊರಗಿನ ಸಣ್ಣ ಕಾರ್ಖಾನೆ ಅದು. ಸಗಣಿ ಕೊಳೆಸಿ ಗ್ಯಾಸ್ ತೆಗೆಯುತ್ತಾರೆ. ಆ ಗ್ಯಾಸಿಗೆ ಹಬೆ ಸೇರಿಸಿ, ಕೆಂಡದಂತೆ ಕಾದ ಕೊಳವೆಗಳಲ್ಲಿನ ನಿಕ್ಕಲ್ ಗುಂಡುಗಳ ಮೇಲೆ ಹಾಯಿಸಿದರೆ ಜಲಜನಕ ಬರುತ್ತದೆ. ಗುಂಡುಗಳಿಗೆ ದೊಡ್ಡ ವೈರಿ ಗಂಧಕ. ಸಗಣಿ ಗ್ಯಾಸಿನಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ಹೀರಲೆಂದು ದಾರಿಯಲ್ಲಿ ತುಕ್ಕು ಕಬ್ಬಿಣದ ಚೂರು ತುಂಬಿದ ಒಂದು ಡ್ರಮ್ಮು. ಚೂರು ಸೋತರೆ ಗಂಧಕ ಮುಂದೆ ನುಗ್ಗುತ್ತದೆ. ಅಳೆಯುವ ಮೀಟರಿಗೆ ಧಣಿ ದುಡ್ಡು ಬಿಚ್ಚಲಿಲ್ಲ. ಬೀರಯ್ಯನ ಮೂಗು ಪುಕ್ಕಟೆ ಇತ್ತಲ್ಲ! ದಿನಕ್ಕೆ ಮೂರು ಸಲ ಡ್ರಮ್ಮಿನಾಚೆಯ ನಲ್ಲಿ ತಿರುಗಿಸಿ ಮೂಸುವುದು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಚೂರು ಬದಲಿಸುವುದು. ನಾಲ್ಕು ವರ್ಷ ಮೂಸಿದ.

ಐದನೇ ವರ್ಷ ಒಂದು ದಿನ ಹೆಂಡತಿ ಗುರುಮಲ್ಲಮ್ಮ ಹಿತ್ತಲಿನಿಂದ ಓಡಿ ಬಂದಳು. ಒಲೆಯ ಮೇಲೆ ಹುರುಳಿ ತಳ ಹತ್ತಿತ್ತು. ಪಕ್ಕದಲ್ಲೇ ಬೀರಯ್ಯ ಕೂತಿದ್ದ.

"ಕೇರಿಗೆಲ್ಲ ಸೀದ ವಾಸ್ನೆ ಒಡೀತಾದೆ. ನಿನ್ ಮೂಗೇನ್ ಅಡ ಇಟ್ಟಿದ್ದಯಾ?"

"ಅಡ ಇಟ್ಟಿದ್ರೆ ಬುಡಿಸ್ಕಬೋದಿತ್ತು ಕಣಮ್ಮಿ. ಆ ನಲ್ಲಿ ಮೂಸಿ ಮೂಸಿ ಸತ್ತೋಗ್ಬುಟ್ಟದೆ."

"ಇಂಜಿನಿಯರ್‌ಗೆ ಯೋಳು ಮತ್ತೆ."

"ಯೋಳುದ್ರೆ ನಾಳಿಂದ ಬರಬ್ಯಾಡ ಅಂತನೆ. ಇನ್ನೊಬ್ನ ಮೂಗು ತತ್ತನೆ."

ಹೇಳಲಿಲ್ಲ. ಚೂರು ಇಪ್ಪತ್ತು ದಿನ ಬಾಳುವುದನ್ನು ನೋಡಿದ್ದವನು, ಕ್ಯಾಲೆಂಡರ್ ನೋಡಿಕೊಂಡೇ ಬದಲಿಸತೊಡಗಿದ. ಇದು ಅವನ ಮೊದಲ ತಪ್ಪು.

ಎರಡನೆಯದು ತೆರಕಣಾಂಬಿಯದು. ಅಲ್ಲಿ ಭಾಮೈದ ನಾಗಯ್ಯನ ಆಲೆಮನೆ. ಕಬ್ಬಿನ ಹಾಲು ಕುದಿಯುವಾಗ ಬಳಿದು ತೆಗೆದ ಮಡ್ಡಿ ಸುಮ್ಮನೆ ಕೊಳೆಯುತ್ತಿತ್ತು. ಸಗಣಿಗೆ ಬೆರೆಸಿದರೆ ಗ್ಯಾಸ್ ಹೆಚ್ಚುತ್ತದೆಂದು ಬೀರಯ್ಯ ಆರು ಪೀಪಾಯಿ ತಂದು ಸುರಿದ. ಹೆಚ್ಚಿತು. ಇಂಜಿನಿಯರ್ ಸುಧಾಕರ್ ಬೆನ್ನು ತಟ್ಟಿದ. ಆದರೆ ಬೆಲ್ಲ ಹಳದಿಯಾಗಿ ಹೊಳೆಯಲೆಂದು ನಾಗಯ್ಯ ಕುದಿಯುವ ಹಾಲಿಗೆ ಹೈಡ್ರೋಸ್ ಎಂಬ ಬಿಳಿ ಪುಡಿ ಹಾಕುತ್ತಾನೆ. ಅದರಲ್ಲಿ ಗಂಧಕವಿದೆ ಅನ್ನುವುದು ಓದಿದ ಸುಧಾಕರನಿಗೂ ಹೊಳೆಯಲಿಲ್ಲ.

ಚೂರು ಐದೇ ದಿನಕ್ಕೆ ಸೋತಿತು. ಬೀರಯ್ಯ ನಲ್ಲಿ ತಿರುಗಿಸಿ, ಮೂಸಿ, "ಸರಿಯಾಗದೆ ಸಾ" ಅಂದ.

ಹತ್ತನೇ ದಿನ ಕೊಳವೆಗಳು ಅಲ್ಲಲ್ಲಿ ಅತಿಯಾಗಿ ಕಾದು, ಮೈಮೇಲೆ ಪಟ್ಟೆ ಪಟ್ಟೆಯಾಗಿ ಉರಿಗೆಂಪು ಎದ್ದಿತು. ಒಳಹೋದ ಗ್ಯಾಸ್ ಹೆಚ್ಚುಕಡಿಮೆ ಹಾಗೇ ಹೊರಬಂತು. ಗುಂಡುಗಳು ನೋಡಲು ಮೊದಲಿನಂತೆಯೇ ಇದ್ದವು; ಮೈಗೆ ಗಂಧಕ ಹತ್ತಿ ಕಸುವು ಸತ್ತಿತ್ತು.

ಧಣಿ ಕೂಗಾಡಿದ: "ಗುಂಡು ಹೊಸ್ದು ಹಾಕ್ಸಕ್ಕೆ ಎಷ್ಟಾಯ್ತದೆ ಗೊತ್ತೇನ್ಲಾ?"

"ಗೊತ್ತಿಲ್ಲ ಧಣಿ. ಮೂಗು ಹೊಸ್ದು ಎಲ್ಲಿ ಹಾಕ್ಸ್ತರೆ, ಅದ್ನ ಯೋಳಿ."

ಅವತ್ತೇ ಗೇಟಿನಿಂದಾಚೆ ಹಾಕಿದರು. ಹೊಸ ಗುಂಡು ಬಂದಿವೆ, ಮೀಟರ್ ಬಂದಿಲ್ಲ. ಈಗ ಆ ನಲ್ಲಿಗೆ ಮೂಗಿಡುವವನು ಗಣೇಶ, ಎರಡು ಮಕ್ಕಳ ತಂದೆ. ಇತ್ತ ಉಮ್ಮತ್ತೂರಿನಲ್ಲಿ ಗುರುಮಲ್ಲಮ್ಮ ಒಗ್ಗರಣೆ ಹಾಕುವಾಗ, "ಬೆಳ್ಳುಳ್ಳಿ ಕಣಯ್ಯ" ಅಂತ ಬಾಯಲ್ಲಿ ಹೇಳುತ್ತಾಳೆ. ಬೀರಯ್ಯ ತಲೆಯಾಡಿಸುತ್ತಾನೆ.

ಬರುವ ಸೋಮವಾರ ಹನ್ನೊಂದು ಗಂಟೆಗೆ ಲೇಬರ್ ಆಫೀಸಿನಲ್ಲಿ ಅವನ ಅರ್ಜಿ ಕರೆಯುತ್ತಾರೆ. ಅಯ್ಯೋ ಪಾಪ ಅಂದು ಪುಟ ಮಗುಚಬೇಡಿ. ಬನ್ನಿ. ಅವನ ಪಕ್ಕ ನಿಂತು, ಸಂಬಳ ಎಲ್ಲಿ, ಮೀಟರ್ ಎಲ್ಲಿ ಅಂತ ಕೇಳಿ.