ಶಶಿರೇಖಾ ಸಿಸ್ಟರ್ ಚೆಲ್ಲಿದ ಬಾಟಲಿ

ಅಮೃತೂರಿನ ಶಶಿರೇಖಾ ತುಮಕೂರಿನ ಕಣ್ಣಾಸ್ಪತ್ರೆಗೆ ನರ್ಸಾಗಿ ಬಂದ ಮೇಲೆ ಆಪರೇಷನ್ ಥಿಯೇಟರಿನಲ್ಲಿ ಯಾರೂ ಸಾಮಾನಿಗಾಗಿ ಕೂಗಾಡಿದ್ದಿಲ್ಲ. ಡಾಕ್ಟರ್ ಅಪರ್ಣ ಕೈ ಚಾಚುವುದರೊಳಗೆ ಬೇಕಾದ್ದು ಕೈಗೆ ಬಂದಿರುತ್ತಿತ್ತು. ಅದಕ್ಕೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವರಿಗಲ್ಲದೆ ಇನ್ಯಾರಿಗಿರಬೇಕು ಜಂಬ!

ಕಣ್ಣಿನ ಹಿಂಭಾಗದ ಪರದೆಯ ಆಪರೇಷನ್ ನಡೆಯುವಷ್ಟು ಹೊತ್ತೂ ಒಳಗೆ ದ್ರವ ಹರಿಯುತ್ತಿರಬೇಕು. "ಬರೀ ಉಪ್ಪುನೀರು ಬಿಟ್ರೆ ತೊಳೆಯುತ್ತೆ ಅಷ್ಟೇ ಕಣೇ ಶಶಿ. ಪರದೆಗೆ ಜೀವ ಇದೆ, ಅದಕ್ಕೂ ಊಟ ಬೇಕು. ಇಲ್ದಿದ್ರೆ ಸೊರಗುತ್ತೆ" ಎಂದು ಅಪರ್ಣ ಹೇಳಿಕೊಟ್ಟಿದ್ದರು. ಅದಕ್ಕೆಂದೇ ಸಕ್ಕರೆ ಅಂಶವಿರುವ ಬೇರೆ ದ್ರವ, ಎರಡು ಭಾಗವಾಗಿ ಬರುತ್ತಿತ್ತು. ಆಪರೇಷನ್ನಿಗೆ ಕೂರುವಾಗ ಬೆರೆಸಬೇಕು. ಬೆರೆಸಿ ಆರು ಗಂಟೆ ದಾಟಿದರೆ ಗುಣ ಕೆಡುತ್ತದೆ, ಚೆಲ್ಲಬೇಕು.

೧೯೯೮ರ ಬೇಸಿಗೆ. ಬೆಳ್ಳಾವಿ ಕಡೆಯ ಕುರಿ ಕಾಯುವ ಜುಂಜಪ್ಪನಿಗೆ ಒಂದು ಕಣ್ಣು ಎಂದೋ ಹೋಗಿತ್ತು. ಸಕ್ಕರೆ ಕಾಯಿಲೆಯಿಂದ ಇನ್ನೊಂದರೊಳಗೂ ರಕ್ತ ತುಂಬಿತ್ತು. ಅವತ್ತು ಒಂಬತ್ತಕ್ಕೆ ಲೋಡ್ ಶೆಡ್ಡಿಂಗ್. ಕರೆಂಟ್ ಹೋಗುವ ಮುಂಚೆ ಚಟ್ನಿ ರುಬ್ಬಿಡುವ ಮನೆಯ ಹೆಣ್ಣಲ್ಲವೇ, ಶಶಿರೇಖಾ ಎಂಟಕ್ಕೇ ಬೆರೆಸಿಟ್ಟಳು. ಕರೆಂಟ್ ಹೋಯಿತು. ಹಾಳು ಜನರೇಟರೂ ಕೆಮ್ಮಿ ಮಲಗಿತು. ಅದನ್ನು ಎಬ್ಬಿಸುವಷ್ಟರಲ್ಲಿ ಮಧ್ಯಾಹ್ನ ಮೂರೂವರೆ.

ಜುಂಜಪ್ಪ ಟೇಬಲ್ ಮೇಲೆ ಮಲಗಿದ್ದ. ಶಶಿರೇಖಾ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತಿಳಿನೀರಿನಂತಿತ್ತು. ಯಾವಾಗ ಬೆರೆಸಿದ್ದೆಂದು ಅವಳೊಬ್ಬಳಿಗೇ ಗೊತ್ತು. ಆಸ್ಪತ್ರೆಯಲ್ಲಿ ಇದ್ದದ್ದೂ ಅದೊಂದೇ.

"ಮೇಡಂ, ನಂದೇ ತಪ್ಪು. ಬೆಳಿಗ್ಗೆ ಎಂಟಕ್ಕೇ ಬೆರೆಸ್ಬಿಟ್ಟೆ. ಇದು ಬೇಡ" ಎಂದವಳೇ ಸಿಂಕಿಗೆ ಸುರಿದುಬಿಟ್ಟಳು.

ಜುಂಜಪ್ಪ ಮಲಗಿದ್ದಲ್ಲೇ ಕಿರುಚಿದ. "ನನ್ ಕಣ್ಣಿನ ಔಸ್ದಿನ ಮೋರಿಗ್ ಸುರುದ್ಯೇನವ್ವ? ನಿನ್ ಕೈ ಸೇದೋಗ!"

"ಬೈಕೊಳಣ್ಣ, ಚೆನ್ನಾಗಿ ಬೈಕೊ. ಕೆಟ್ಟಿದ್ದನ್ನ ಮಾತ್ರ ನಿನ್ ಕಣ್ಣಿಗೆ ಬಿಡಲ್ಲ" ಎಂದಳು ಶಶಿರೇಖಾ.

ಅಪರ್ಣ ಕೂಡ ಬೈಯುವಷ್ಟು ಬೈದರು. ಆಮೇಲೆ ಗ್ಲೌಸ್ ಕಳಚುತ್ತಾ, "ಬೆಂಗಳೂರಿಂದ ತರ್ಸೋಣ, ನಾಳೆ ಮಾಡೋಣ. ಹೇಳಿದ್ಯಲ್ಲ ಶಶಿ, ಅಷ್ಟು ಸಾಕು" ಎಂದರು.

ಮಾರನೆಯ ದಿನ ಮಧ್ಯಾಹ್ನ ಡಾಕ್ಟರ್ ಕೂತ ಮೇಲೆಯೇ ಬೆರೆಸಿದಳು. ಆಪರೇಷನ್ ಸಂಜೆಯವರೆಗೂ ನಡೆಯಿತು.

ಪಟ್ಟಿ ಬಿಚ್ಚಿದ ದಿನ ಜುಂಜಪ್ಪ ರೆಪ್ಪೆ ಬಡಿದು ಬಡಿದು ಸುತ್ತ ನೋಡಿದ. "ಔಸ್ದಿ ಚೆಲ್ಲಿದೋಳು ಎಲ್ಲವ್ಳೆ?"

"ಇಲ್ಲೇ ಇದೀನಿ ಕಣಣ್ಣ."

"ಮೂಗ್ಬಟ್ಟು ಇಕ್ಕಂಡಿದ್ದೀಯ. ಕೆಂಪು ಕಲ್ಲಿಂದು."

ವಾರ್ಡಿನವರೆಲ್ಲ ಹೋ ಎಂದು ನಕ್ಕರು. ಶಶಿರೇಖಾಳ ಎದೆ ಉಬ್ಬಿ, ಕಣ್ಣು ತುಂಬಿತು. ಜುಂಜಪ್ಪ ಮಾತ್ರ ನಗಲಿಲ್ಲ.

"ಎಲ್ಲಿ, ಆ ಕೈ ತಾರವ್ವ. ಸೇದೋಗ ಅಂದ್ಬುಟ್ಟಿದ್ದೆ" ಎಂದು ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಲು ಹೋದ.

"ಕಣ್ಣು ಮುಟ್ಬೇಡ!" ಎಂದು ಸಿಸ್ಟರ್ ಗದರಿಸಿದಳು. ಆತ ಬೆಚ್ಚಿ, ಆ ಕೈಯನ್ನು ತಲೆಯ ಮೇಲಿಟ್ಟುಕೊಂಡ.